ಹುರಿ ಹಾಕಿದರೆ ಬಿಲ್ಲಿನ ತೂಕ ಏರುತ್ತದೆಯೇ? ಕಾಂಪೌಂಡ್ ಕಲಿಯುವವರಿಗೆ ಒಂದು ಟಿಪ್ಪಣಿ

ರಿಕರ್ವ್ (ರಾಟೆ ಇಲ್ಲದ, ತುದಿ ಬಾಗಿದ ಬಿಲ್ಲು) ಬಿಟ್ಟು ಕಾಂಪೌಂಡ್ (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಹಿಡಿದ ಹೊಸದರಲ್ಲಿ ನನಗೊಂದು ಗಟ್ಟಿ ನಂಬಿಕೆ ಇತ್ತು. ಹೆದೆಗೆ ನಾಲ್ಕು ಸುತ್ತು ಹುರಿ ಹಾಕಿದರೆ ಬಿಲ್ಲು ಬಿಗಿಯಾಗುತ್ತದೆ, ಡ್ರಾ ವೇಟ್ ಏರುತ್ತದೆ ಅಂತ. ಡ್ರಾ ವೇಟ್ ಅಂದರೆ ಬಿಲ್ಲನ್ನು ಎಳೆಯಲು ಬೇಕಾದ ಬಲ; ಇಲ್ಲಿ ತೂಕ ಅಂದರೆ ಅದೇ. ಹಾಕಿ, ಬೋ ಸ್ಕೇಲಿಗೆ (ಆ ಬಲ ಅಳೆಯುವ ತಕ್ಕಡಿಗೆ) ಸಿಕ್ಕಿಸಿ ಎಳೆದು ನೋಡಿದೆ. ತೂಕ ಏರಲಿಲ್ಲ, ಒಂದು ಚೂರು ಇಳಿದಿತ್ತು. ಎಳೆತ (ಹೆದೆ ಹಿಂದಕ್ಕೆ ಬರುವ ದೂರ) ಗಿಡ್ಡವಾಗಿ ಆಂಕರ್ (ಪೂರ್ತಿ ಎಳೆದಾಗ ಮುಖದ ಬಳಿ ಕೈ ನಿಲ್ಲುವ ಜಾಗ) ಕೂಡ ತಪ್ಪಿತು. ಯಾಕೆ ಹೀಗಾಯಿತು ಅಂತ ತಿಳಿದುಕೊಳ್ಳುವಾಗ ಬರೆದಿಟ್ಟ ಟಿಪ್ಪಣಿ ಇದು.

ಮೊದಲು ಒಂದು ಎಚ್ಚರಿಕೆ. ಬೋ ಪ್ರೆಸ್ (ಲಿಂಬುಗಳನ್ನು, ಅಂದರೆ ಬಿಲ್ಲಿನ ಮೇಲಿನ ಕೆಳಗಿನ ಬಾಗುವ ತೋಳುಗಳನ್ನು, ಒತ್ತಿ ಹಿಡಿಯುವ ಸಾಧನ) ಇಲ್ಲದೆ ಹೆದೆಯನ್ನಾಗಲಿ ಕೇಬಲನ್ನಾಗಲಿ ಬಿಚ್ಚಬೇಡಿ. ಸುಮ್ಮನೆ ಗೋಡೆಗೆ ಒರಗಿಸಿಟ್ಟ ಕಾಂಪೌಂಡ್ ಬಿಲ್ಲಿನ ಲಿಂಬುಗಳಲ್ಲೂ ದೊಡ್ಡ ಬಲ ಅಡಗಿರುತ್ತದೆ. ಅದು ಒಮ್ಮೆಲೇ ಬಿಟ್ಟುಕೊಂಡರೆ ಬಿಲ್ಲು ಮುರಿಯುತ್ತದೆ, ಕೈ ಮುಖಕ್ಕೂ ಪೆಟ್ಟಾಗುತ್ತದೆ. ಪ್ರೆಸ್ ಬಳಸಿ ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಈಗ ವಿಷಯಕ್ಕೆ ಬರೋಣ. ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಗೊತ್ತು, ಹುರಿ ಜಾಸ್ತಿಯಾದಷ್ಟೂ ಹಗ್ಗ ಗಿಡ್ಡವಾಗುತ್ತದೆ. ಇಲ್ಲೂ ಅಷ್ಟೇ. ಹುರಿ ಹಾಕುವುದು ಅಂದರೆ ಗಿಡ್ಡ ಮಾಡುವುದು, ಹುರಿ ಬಿಚ್ಚುವುದು ಅಂದರೆ ಉದ್ದ ಮಾಡುವುದು. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಯಾವುದು ಗಿಡ್ಡವಾದರೆ ಬಿಲ್ಲಿನಲ್ಲಿ ಏನು ಬದಲಾಗುತ್ತದೆ?

ಎರಡು ಕ್ಯಾಮ್ ಇರುವ ಬಿಲ್ಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಕ್ಯಾಮ್ ಅಂದರೆ ಬಾವಿಯ ರಾಟೆಯಂಥದ್ದು, ಆದರೆ ಗುಂಡಗಿರುವುದಿಲ್ಲ. ಪ್ರತಿ ಕ್ಯಾಮ್‌ನಲ್ಲಿ ಎರಡು ದಾರಿ ಇರುತ್ತದೆ. ಒಂದರಲ್ಲಿ ಹೆದೆ, ಇನ್ನೊಂದರಲ್ಲಿ ಕೇಬಲ್. ಕೇಬಲ್‌ನ ಆಚೆ ತುದಿ ಎದುರು ಲಿಂಬಿನಲ್ಲಿ ಕ್ಯಾಮ್ ತಿರುಗುವ ಅಚ್ಚಾದ ಆಕ್ಸಲ್‌ಗೆ ಕಟ್ಟಿರುತ್ತದೆ. ನೀವು ಎಳೆದಾಗ ಹೆದೆ ಕ್ಯಾಮ್‌ನಿಂದ ಬಿಚ್ಚಿಕೊಳ್ಳುತ್ತದೆ. ಅದೇ ತಿರುಗಾಟದಲ್ಲಿ ಕೇಬಲ್ ಸುತ್ತಿಕೊಳ್ಳುತ್ತಾ ಎರಡು ಲಿಂಬುಗಳನ್ನೂ ಒಳಕ್ಕೆ ಬಗ್ಗಿಸುತ್ತದೆ. ಲಿಂಬನ್ನು ಬಗ್ಗಿಸುವ ಕೆಲಸ ಕೇಬಲ್‌ನದು, ಹೆದೆಯದಲ್ಲ. ರಿಕರ್ವ್‌ನಿಂದ ಬಂದವರು ಎಡವುವುದು ಇಲ್ಲೇ, ಯಾಕೆಂದರೆ ಅಲ್ಲಿ ಹೆದೆಯೇ ನೇರವಾಗಿ ಲಿಂಬನ್ನು ಬಗ್ಗಿಸುತ್ತದೆ.

ಇಷ್ಟು ತಿಳಿದರೆ ಉಳಿದದ್ದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಎರಡೂ ಕೇಬಲ್‌ಗೆ ಸಮನಾಗಿ ಹುರಿ ಹಾಕಿದಿರಿ ಅನ್ನಿ. ಲಿಂಬುಗಳು ಹತ್ತಿರ ಬರುತ್ತವೆ, ಆಕ್ಸಲ್‌ನಿಂದ ಆಕ್ಸಲ್‌ಗೆ ಇರುವ ಅಳತೆ ಕಡಿಮೆಯಾಗುತ್ತದೆ. ಕ್ಯಾಮ್ ಸ್ವಲ್ಪ ಹಿಂದಕ್ಕೆ ತಿರುಗಿ ನಿಲ್ಲುತ್ತದೆ, ಅಂದರೆ ಎಳೆಯುವಾಗ ಅದು ಸುತ್ತಬೇಕಾದ ದೂರ ಹೆಚ್ಚು. ಡ್ರಾ ವೇಟ್ ಏರುತ್ತದೆ, ಎಳೆತವೂ ತುಸು ಉದ್ದವಾಗುತ್ತದೆ. ಹುರಿ ಬಿಚ್ಚಿದರೆ ಇದೆಲ್ಲ ತಿರುಗುಮುರುಗು.

ಹೆದೆಗೆ ಹುರಿ ಹಾಕಿದರೆ? ಕ್ಯಾಮ್ ಮೊದಲೇ ಮುಂದಕ್ಕೆ ತಿರುಗಿ ನಿಂತಿರುತ್ತದೆ. ಪೂರ್ತಿ ಎಳೆದಾಗ ಲಿಂಬು ಮೊದಲಿನಷ್ಟೇ ಬಗ್ಗುತ್ತದೆ, ಆದರೆ ಅಲ್ಲಿಗೆ ತಲುಪುವ ದಾರಿ ಗಿಡ್ಡ. ಆದ್ದರಿಂದ ಎಳೆತ ಕಡಿಮೆ, ತೂಕವೂ ಸ್ವಲ್ಪ ಕಡಿಮೆ. ನನ್ನ ಸ್ಕೇಲ್ ಹೇಳಿದ್ದು ಇದನ್ನೇ.

ಒಂದು ಮಾತು: ಒಂದೇ ಕ್ಯಾಮ್ ಇರುವ ಬಿಲ್ಲಿನಲ್ಲಿ, ಬೈನರಿ ಕ್ಯಾಮ್ (ಕೇಬಲ್ ಒಂದು ಕ್ಯಾಮ್‌ನಿಂದ ಇನ್ನೊಂದಕ್ಕೆ ಹೋಗುವ) ಬಿಲ್ಲಿನಲ್ಲಿ ಕೇಬಲ್ ಹೋಗುವ ದಾರಿ ಬೇರೆ. ಮೇಲಿನ ಲೆಕ್ಕವನ್ನು ಅವಕ್ಕೆ ಹಾಗೇ ಹಾಕಬೇಡಿ.

ಹಾಗಾದರೆ ತೂಕ ಬೇಕಾದಾಗೆಲ್ಲ ಕೇಬಲ್ ಹುರಿ ಮಾಡಬೇಕಾ? ಬೇಡ ಅನ್ನುತ್ತೇನೆ. ಅದಕ್ಕೆ ಲಿಂಬನ್ನು ಬಿಲ್ಲಿನ ನಡುಭಾಗಕ್ಕೆ ಬಿಗಿಯುವ ಲಿಂಬ್ ಬೋಲ್ಟ್ ಇದೆ. ಲಾಕ್ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಮೇಲೆ ಕೆಳಗೆ ಎರಡನ್ನೂ ಸಮನಾಗಿ ತಿರುಗಿಸಿ. ಸುಮಾರಾಗಿ ಒಂದು ಸುತ್ತಿಗೆ 2 ಪೌಂಡ್ ಆಚೀಚೆ ಬದಲಾಗುತ್ತದೆ. ಕೈಪಿಡಿಯಲ್ಲಿ ಹೇಳಿದ ಮಿತಿಗಿಂತ ಜಾಸ್ತಿ ಸಡಿಲ ಮಾಡಬಾರದು. ಹುರಿಯ ನಿಜವಾದ ಕೆಲಸ ಬಿಲ್ಲನ್ನು ಅದರ ಮೂಲ ಅಳತೆಗೆ ಮರಳಿ ತರುವುದು. ಬಾಣ ಬಿಟ್ಟು ಬಿಟ್ಟು ಕೇಬಲ್ ನಿಧಾನವಾಗಿ ಹಿಗ್ಗುತ್ತದೆ, ತೂಕ ಜಾರುತ್ತದೆ. ಹೆದೆ ಹಿಗ್ಗಿದರೆ ಎಳೆತ ಉದ್ದವಾಗುತ್ತದೆ. ಆಕ್ಸಲ್ ಅಳತೆ, ಬ್ರೇಸ್ ಹೈಟ್ (ಎಳೆಯದಿದ್ದಾಗ ಹಿಡಿಯಿಂದ ಹೆದೆಗೆ ಇರುವ ದೂರ) ಎರಡನ್ನೂ ಅಳೆದು ತಯಾರಕರು ಕೊಟ್ಟ ಅಂಕಿಗೆ ಹೋಲಿಸಿದರೆ ಯಾವುದು ಹಿಗ್ಗಿದೆ ಅಂತ ಅಂದಾಜು ಸಿಗುತ್ತದೆ.

ಇನ್ನೊಂದು ಕೆಲಸ ಕ್ಯಾಮ್‌ಗಳ ಹೊಂದಾಣಿಕೆ. ಇದು ನನಗೆ ಬಹಳ ಇಷ್ಟವಾದ ಭಾಗ. ಪೂರ್ತಿ ಎಳೆದಾಗ ಎರಡೂ ಕ್ಯಾಮ್‌ಗಳ ಸ್ಟಾಪ್ (ಎಳೆತವನ್ನು ಅಲ್ಲಿಗೇ ತಡೆಯುವ ಗೂಟ) ಒಟ್ಟಿಗೇ ತಾಗಬೇಕು. ಮೇಲಿನದು ಮೊದಲು ತಾಗುತ್ತಿದೆಯಾ? ಅದು ಅವಸರದಲ್ಲಿದೆ ಅಂತ ಅರ್ಥ. ಮೇಲಿನ ಕ್ಯಾಮ್ ಸುತ್ತಿಕೊಳ್ಳುವ ಕೇಬಲ್‌ಗೆ ಹುರಿ ಹಾಕಿ. ಅದು ಹಿಂದಿನಿಂದ ಹೊರಡುವುದರಿಂದ ತಡವಾಗಿ ತಲುಪುತ್ತದೆ. ಅರ್ಧ ಸುತ್ತು ಹಾಕಿ, ಪ್ರೆಸ್‌ನಿಂದ ಇಳಿಸಿ, ಎಳೆದು ನೋಡಿ, ಮತ್ತೆ ಅರ್ಧ ಸುತ್ತು. ಎಳೆಯುವುದು ನೀವು, ಸ್ಟಾಪ್ ನೋಡುವುದು ಗೆಳೆಯರು. ಬಾಣವಿಲ್ಲದೆ ಎಳೆದ ಹೆದೆ ಕೈ ಜಾರದಂತೆ ನಿಧಾನವಾಗಿ ಇಳಿಸಿ.

ಈಗಾಗಲೇ ಇರುವ ಹುರಿಯ ದಿಕ್ಕಿನಲ್ಲೇ ತಿರುಗಿಸಬೇಕು ಅನ್ನುವುದು ನೆನಪಿರಲಿ. ಹೆದೆಯನ್ನು ಅರ್ಧ ಸುತ್ತು ತಿರುಗಿಸಿದರೂ ಪೀಪ್ (ಗುರಿ ನೋಡಲು ಹೆದೆಯಲ್ಲಿ ಕೂರಿಸಿದ ಸಣ್ಣ ತೂತಿನ ಬಿಲ್ಲೆ) ಓರೆಯಾಗಬಹುದು. ಪೀಪ್, ನಾಕಿಂಗ್ ಪಾಯಿಂಟ್ (ಹೆದೆಯಲ್ಲಿ ಬಾಣ ಸಿಕ್ಕಿಸುವ ಜಾಗ), ಸೈಟ್ (ಗುರಿ ಹಿಡಿಯುವ ಸಾಧನ) ಗುರುತು ಎಲ್ಲ ಹೊಸದಾಗಿ ನೋಡಿಕೊಳ್ಳಬೇಕು.

2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್‌ನ ಐದೂ ಚಿನ್ನ ಭಾರತಕ್ಕೇ ಬಂದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಇದೆ. ನಿಮ್ಮಲ್ಲಿ ಕೆಲವರಾದರೂ ಸ್ಪರ್ಧೆಗೆ ಇಳಿಯುತ್ತೀರಿ, ಅಲ್ವಾ? ಬಿಲ್ಲುಗಾರಿಕೆಯ ಜಾಗತಿಕ ಸಂಸ್ಥೆಯಾದ ವರ್ಲ್ಡ್ ಆರ್ಚರಿಯ ನಿಯಮದಲ್ಲಿ ಕಾಂಪೌಂಡ್‌ನ ಗರಿಷ್ಠ ತೂಕ 60 ಪೌಂಡ್. ಎಳೆತದ ನಡುವೆ ಸ್ಕೇಲ್ ತೋರಿಸುವ ಅತಿ ದೊಡ್ಡ ಅಂಕಿಯೇ ಲೆಕ್ಕ, ಕೊನೆಯಲ್ಲಿ ಬೆರಳಿಗೆ ಹಗುರಾಗುವ ತೂಕವಲ್ಲ. 60ರ ಅಂಚಿನಲ್ಲಿದ್ದ ಬಿಲ್ಲಿನ ಕೇಬಲ್‌ಗೆ ಹೊಂದಾಣಿಕೆಗಾಗಿ ಹುರಿ ಹಾಕಿದ್ದರೆ ತೂಕ ಗೆರೆ ದಾಟಿರಬಹುದು. ಮತ್ತೆ ಅಳೆಯಿರಿ. ದಾಟಿದ್ದರೆ ಕೇಬಲ್ ಮುಟ್ಟಬೇಡಿ, ಎರಡೂ ಬೋಲ್ಟ್ ಸಮನಾಗಿ ಸಡಿಲಿಸಿ 59ಕ್ಕೆ ಇಳಿಸಿ.