ಮಾಜಿ ಸೈನಿಕರಿಗೆ ಮಾತ್ರೆ ಕೊಡುವವರಿದ್ದಾರೆ, ಮಾತ್ರೆಗಳನ್ನು ಪರಿಶೀಲಿಸುವವರು ಯಾರು?

ಕರಾವಳಿಯಲ್ಲಿ ಎರಡು ಗುಂಪಿನವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಒಬ್ಬರು ಕೇಳುವುದು ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೆ. ಮಣಿಪಾಲ, ದೇರಳಕಟ್ಟೆ, ವಳಚ್ಚಿಲ್ ಕಡೆ ಫಾರ್ಮ್ ಡಿ (ವಾರ್ಡಿನಲ್ಲೂ ಕಲಿಸುವ ಆರು ವರ್ಷದ ಫಾರ್ಮಸಿ ಓದು) ಓದುವವರು "ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಫಾರ್ಮಾಸಿಸ್ಟ್‌ಗೆ ಕೆಲಸ ಉಂಟಾ?" ಎಂದು ವಿಚಾರಿಸುತ್ತಾರೆ. ಕ್ಲಿನಿಕಲ್ ಫಾರ್ಮಾಸಿಸ್ಟ್ ಎಂದರೆ ಬರೀ ಮಾತ್ರೆ ಕೊಡುವವರಲ್ಲ, ರೋಗಿಯ ಮಾತ್ರೆಗಳನ್ನೆಲ್ಲ ಪರಿಶೀಲಿಸಿ ಡಾಕ್ಟರಿಗೆ ಸಲಹೆ ಕೊಡುವವರು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇರುವ ಹಿರಿಯರು "ಇಷ್ಟು ಮಾತ್ರೆ ಒಟ್ಟಿಗೆ ತಗೊಳ್ಬಹುದಾ, ಯಾರ ಹತ್ರ ಕೇಳುವುದು?" ಎನ್ನುತ್ತಾರೆ. ಉತ್ತರ ಹುಡುಕಲು ಹೊರಟರೆ ಗೊಂದಲವೇ ಜಾಸ್ತಿ. ಇಂಟರ್ನೆಟ್‌ನಲ್ಲಿ ಸಿಗುವ ಅರ್ಹತೆ, ಕರ್ತವ್ಯಗಳ ಪಟ್ಟಿ ಹೆಚ್ಚಿನದ್ದು ಅಮೆರಿಕದ್ದು. ಆ ಯೋಜನೆಯ ಚಿಕಿತ್ಸಾಲಯಗಳಾದ ನಮ್ಮ ಪಾಲಿಕ್ಲಿನಿಕ್‌ಗಳ ಜಾಹೀರಾತಿನಲ್ಲಿ ಬರೀ 'ಫಾರ್ಮಾಸಿಸ್ಟ್' ಎಂದಿರುತ್ತದೆ. ಫಾರ್ಮಸಿ ಓದು, ವೃತ್ತಿಗೆ ನಿಯಮ ಮಾಡುವ ಫಾರ್ಮಸಿ ಕೌನ್ಸಿಲ್‌ನ ನಿಯಮಗಳಲ್ಲಿ ಇನ್ನೇನೋ ಇದೆ. ಇದು ಹೀಗೇಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳೆಯ ಕಥೆ ಬೇಗ ಹೇಳಿ ಮುಗಿಸಬಹುದು. ಕಾಂಪೌಂಡರ್‌ಗಳ ಕಾಲದಲ್ಲಿ ಔಷಧ ಕೊಡಲು ಇಂಥದ್ದೇ ಓದು ಬೇಕು ಅಂತ ಇರಲಿಲ್ಲ. 1930ರಲ್ಲಿ ಸರ್ಕಾರ ಒಂದು ಔಷಧ ವಿಚಾರಣಾ ಸಮಿತಿ ಮಾಡಿತು. ಅದರ ಅಧ್ಯಕ್ಷ ಆರ್.ಎನ್. ಚೋಪ್ರಾ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಕರ್ನಲ್. ಅಂದರೆ ಈ ದೇಶದ ಫಾರ್ಮಸಿಗೆ ಕಾನೂನು ಬೇಕು ಎಂದು ಗಟ್ಟಿಯಾಗಿ ಹೇಳಿದವರೇ ಸೇನೆಯ ಸಮವಸ್ತ್ರದವರು. 1932ರಲ್ಲಿ ಬನಾರಸ್‌ನಲ್ಲಿ ಫಾರ್ಮಸಿ ಓದು ಶುರುವಾಯಿತು, 1940ರಲ್ಲಿ ಔಷಧ ಕಾಯ್ದೆ ಬಂತು, 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. 1963ರಲ್ಲಿ ಮಣಿಪಾಲದಲ್ಲಿ ಫಾರ್ಮಸಿ ಕೋರ್ಸ್ ಆರಂಭವಾಯಿತು. ಮುಂದಿನ ಮೂರು ದಶಕ ನಮ್ಮಲ್ಲಿ ಬಿ.ಫಾರ್ಮ (ಪದವಿ) ಎಂದರೆ ಹೆಚ್ಚಾಗಿ ಔಷಧ ಕಾರ್ಖಾನೆಯ ದಾರಿ, ಡಿ.ಫಾರ್ಮ (ಡಿಪ್ಲೊಮಾ) ಎಂದರೆ ಮೆಡಿಕಲ್ ಶಾಪ್. ವಾರ್ಡಿನೊಳಗೆ ರೋಗಿಯ ಮಂಚದ ಹತ್ತಿರ ಫಾರ್ಮಾಸಿಸ್ಟ್‌ಗೆ ಕೆಲಸ ಇರಲಿಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತ್ತು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಒಂಬತ್ತನೇ ಮಹಡಿಯಲ್ಲಿ ಫಾರ್ಮಾಸಿಸ್ಟ್‌ಗಳನ್ನು ವಾರ್ಡಿಗೇ ಕಳುಹಿಸುವ ಪ್ರಯೋಗ ನಡೆಯಿತು. ಅದನ್ನು ದೊಡ್ಡ ಮಟ್ಟದಲ್ಲಿ ಒಪ್ಪಿಕೊಂಡ ಸಂಸ್ಥೆಗಳಲ್ಲಿ ಅಲ್ಲಿನ ವೆಟರನ್ಸ್ ಅಫೇರ್ಸ್ (ಮಾಜಿ ಸೈನಿಕರ) ಇಲಾಖೆ ಮುಖ್ಯವಾದದ್ದು. 1995ರಿಂದ ಆ ಇಲಾಖೆಯ ಕ್ಲಿನಿಕಲ್ ಫಾರ್ಮಾಸಿಸ್ಟ್‌ಗಳು ತಮಗೆ ಒಪ್ಪಿಸಿದ ವ್ಯಾಪ್ತಿಯೊಳಗೆ ಔಷಧ ಬರೆಯಬಹುದು, ಪ್ರಮಾಣ ಬದಲಿಸಬಹುದು, ನಿಲ್ಲಿಸಬಹುದು, ಬೇಕಾದ ರಕ್ತ ಪರೀಕ್ಷೆ ಹೇಳಬಹುದು. ರೋಗ ಯಾವುದೆಂದು ತೀರ್ಮಾನಿಸುವುದು ಡಾಕ್ಟರ ಕೆಲಸ. ರೋಗ ಗೊತ್ತಾದ ಮೇಲೆ ಸಕ್ಕರೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ ಇವನ್ನೆಲ್ಲ ತಿಂಗಳುಗಟ್ಟಲೆ ಹದಕ್ಕೆ ತರುವುದು ಫಾರ್ಮಾಸಿಸ್ಟ್ ಕೆಲಸ. ಅಲ್ಲಿ ಅರ್ಹತೆಯೂ ಸ್ಪಷ್ಟ: ಮಾನ್ಯತೆ ಇರುವ ಕಾಲೇಜಿನ ಫಾರ್ಮ್ ಡಿ, ಯಾವುದಾದರೂ ಒಂದು ರಾಜ್ಯದ ಲೈಸೆನ್ಸ್, ಅಮೆರಿಕದ ಪೌರತ್ವ. ಜೊತೆಗೆ ಒಂದೆರಡು ವರ್ಷದ ರೆಸಿಡೆನ್ಸಿ (ಓದಿನ ನಂತರದ ಆಸ್ಪತ್ರೆ ತರಬೇತಿ) ಮಾಡಿದವರಿಗೆ ಬೆಲೆ ಜಾಸ್ತಿ. ಇಲ್ಲಿನ ಮಕ್ಕಳು ಓದಿ ಆಸೆಪಡುವುದು ಈ ಪಟ್ಟಿಯನ್ನೇ. ಅದರಲ್ಲಿ ಪೌರತ್ವದ ಸಾಲು ಕೊನೆಗೆ ಕಣ್ಣಿಗೆ ಬೀಳುತ್ತದೆ.

ನಮ್ಮ ಮಟ್ಟಿಗೆ ಹೆಚ್ಚು ಮುಖ್ಯವಾದ ಎಳೆ ಅಮೆರಿಕದ್ದಲ್ಲ, ಆಸ್ಟ್ರೇಲಿಯಾದ್ದು. ಇದು ಕರ್ನಾಟಕದಲ್ಲೇ ತುಂಬಾ ಮಂದಿಗೆ ಗೊತ್ತಿಲ್ಲ. ಅಡಿಲೇಡ್ ನಗರದ ಡಾ ಪಾರ್ಕ್ (Daw Park) ಎಂಬ ಬಡಾವಣೆಯಲ್ಲಿ ರೀಪ್ಯಾಟ್ರಿಯೇಷನ್ ಜನರಲ್ ಹಾಸ್ಪಿಟಲ್ ಅಂತ ಒಂದಿತ್ತು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಸೈನಿಕರಿಗಾಗಿ ತೆರೆದ ಆಸ್ಪತ್ರೆ ಅದು. ಯುದ್ಧ ಮುಗಿದ ಮೇಲೂ ದಶಕಗಳ ಕಾಲ ಮಾಜಿ ಸೈನಿಕರನ್ನೇ ನೋಡಿಕೊಂಡಿತು. ಅವರಿಗೆ ವಯಸ್ಸಾಗುತ್ತಾ ಹೋದ ಹಾಗೆ ಒಬ್ಬೊಬ್ಬರ ಔಷಧಗಳ ಪಟ್ಟಿಯೂ ಉದ್ದವಾಯಿತು. ಅಲ್ಲಿನ ಫಾರ್ಮಸಿ ವಿಭಾಗ ವಾರ್ಡಿಗೆ ಇಳಿದು, ಕೇಸ್ ಶೀಟ್ ಓದಿ, ಡಾಕ್ಟರ ಜೊತೆ ರೌಂಡ್ಸ್ ಹೋಗುವುದನ್ನು ರೂಢಿ ಮಾಡಿಕೊಂಡಿತು.

1990ರ ದಶಕದ ಕೊನೆಯಲ್ಲಿ ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಫಾರ್ಮಸಿ ಕಾಲೇಜುಗಳು 'ಫಾರ್ಮಸಿ ಪ್ರಾಕ್ಟಿಸ್' ವಿಷಯದಲ್ಲಿ ಎಂ.ಫಾರ್ಮ ಶುರುಮಾಡಿದಾಗ ಕೈಹಿಡಿದದ್ದು ಇದೇ ಡಾ ಪಾರ್ಕ್ ಆಸ್ಪತ್ರೆ. ಅಲ್ಲಿನ ಅನುಭವಿಗಳು ಇಲ್ಲಿಗೆ ಬಂದು ಕಲಿಸಿದರು. ಆಗ ಇಲ್ಲಿನ ಡಾಕ್ಟರುಗಳಿಗೆ ವಾರ್ಡಿನಲ್ಲಿ ಫಾರ್ಮಾಸಿಸ್ಟ್ ಎಂದರೆ ಹೊಸ ವಿಷಯ. 'ನಮ್ಮ ಚೀಟಿ ತಿದ್ದಲು ಬಂದವರು ಯಾರಪ್ಪ' ಅಂತ ಅನಿಸುವುದು ಸಹಜವೇ. ಆದ್ದರಿಂದ ಮೊದಲು ಕಲಿಸಿದ್ದು ತಪ್ಪು ಹುಡುಕುವುದನ್ನಲ್ಲ. ಕೇಳಿದ ಮಾಹಿತಿಯನ್ನು ಬೇಗ, ಸರಿಯಾಗಿ ಕೊಡುವುದು. ಔಷಧ ಮಾಹಿತಿ ಕೇಂದ್ರ, ಅಡ್ಡಪರಿಣಾಮಗಳ ದಾಖಲೆ, ಮನೆಗೆ ಹೋಗುವ ರೋಗಿಗೆ ಮಾತ್ರೆ ಬಗ್ಗೆ ವಿವರಿಸುವುದು, ಹೀಗೆ ಒಂದೊಂದೇ ಕೆಲಸ ಸೇರಿತು. ಅದೇ ಮಾದರಿ ಮಣಿಪಾಲ, ಮಂಗಳೂರಿನ ಕಾಲೇಜುಗಳಲ್ಲೂ ಬೇರೂರಿತು. ಹಾಗಾಗಿ ದಕ್ಷಿಣ ಭಾರತದ ಕ್ಲಿನಿಕಲ್ ಫಾರ್ಮಸಿಯ ಒಂದು ಮುಖ್ಯ ಬೇರು ಸೈನಿಕರ ಆಸ್ಪತ್ರೆಯಲ್ಲೇ ಇದೆ. ಬೇರು ಅಲ್ಲಿದ್ದರೂ ನಮ್ಮ ಮಾಜಿ ಸೈನಿಕರ ಕಡೆಗೆ ಅದರ ಕೊಂಬೆ ಚಾಚಲಿಲ್ಲ. ಡಾ ಪಾರ್ಕ್ ಆಸ್ಪತ್ರೆ 2017ರಲ್ಲಿ ಮುಚ್ಚಿತು.

2008ರಲ್ಲಿ ಫಾರ್ಮಸಿ ಕೌನ್ಸಿಲ್ ಫಾರ್ಮ್ ಡಿ ತಂದಿತು. ಆರು ವರ್ಷದ ಓದು. ಐದು ವರ್ಷ ತರಗತಿ ಮತ್ತು ವಾರ್ಡು, ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಅದರಲ್ಲಿ ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಆರು ತಿಂಗಳು ಬೇರೆ ಮೂರು ವಿಭಾಗ. ಕಾಲೇಜಿಗೆ ಕನಿಷ್ಠ 300 ಹಾಸಿಗೆಯ ಆಸ್ಪತ್ರೆಯ ನಂಟು ಇರಬೇಕು. ಬಿ.ಫಾರ್ಮ ಮುಗಿಸಿದವರಿಗೆ ಮೂರು ವರ್ಷದ ದಾರಿಯೂ ಇದೆ. 2015ರ ಪ್ರಾಕ್ಟಿಸ್ ನಿಯಮಗಳು ರೋಗಿಗೆ ಔಷಧದ ಬಗ್ಗೆ ತಿಳಿಹೇಳುವುದು ಫಾರ್ಮಾಸಿಸ್ಟ್ ಹೊಣೆ ಎಂದವು. 2021ರ ತಿದ್ದುಪಡಿಯಲ್ಲಿ 'ಕ್ಲಿನಿಕಲ್ ಫಾರ್ಮಾಸಿಸ್ಟ್' ಎಂಬ ಹುದ್ದೆಗೆ ಫಾರ್ಮ್ ಡಿ ಅರ್ಹತೆಯೂ ಬಂತು. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆದರೆ ಈ ನಿಯಮ ಇಂಥ ಕಡೆ ಇಷ್ಟು ಜನರನ್ನು ನೇಮಿಸಿ ಎಂದು ಯಾರಿಗೂ ಆದೇಶ ಕೊಡುವುದಿಲ್ಲ. ಫಲಿತಾಂಶ ಕಣ್ಣಮುಂದಿದೆ: ಇಲ್ಲಿ ಕಲಿತ ತುಂಬಾ ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ ಔಷಧ ಸುರಕ್ಷತೆಯ ಫೈಲುಗಳನ್ನು ನೋಡುತ್ತಿದ್ದಾರೆ, ಇಲ್ಲವೇ ಗಲ್ಫ್‌ಗೆ ಹೋಗಿದ್ದಾರೆ.

ಇನ್ನು ಸೈನಿಕರ ಕಡೆಯ ಕಥೆ. ಮೊದಲು ನಿವೃತ್ತರಾದವರಿಗೆ ಮಿಲಿಟರಿ ಆಸ್ಪತ್ರೆಯ ಬಾಗಿಲು ಸ್ವಲ್ಪ ಮಾತ್ರ ತೆರೆದಿತ್ತು. ಮಿಲಿಟರಿ ಆಸ್ಪತ್ರೆ ಹತ್ತಿರ ಇಲ್ಲದ ಊರಿನವರಿಗೆ ಅದೂ ಕಷ್ಟ. 2002ರ ಡಿಸೆಂಬರ್ ಕೊನೆಯಲ್ಲಿ ರಕ್ಷಣಾ ಸಚಿವಾಲಯ ಇಸಿಎಚ್‌ಎಸ್‌ಗೆ ಮಂಜೂರಾತಿ ಕೊಟ್ಟಿತು, 2003ರ ಏಪ್ರಿಲ್ 1ರಿಂದ ಯೋಜನೆ ಜಾರಿಗೆ ಬಂತು. ಒಮ್ಮೆ ವಂತಿಗೆ ಕಟ್ಟಿದರೆ ಪಿಂಚಣಿದಾರರಿಗೂ ಅವರನ್ನು ಅವಲಂಬಿಸಿದವರಿಗೂ ಜೀವನಪೂರ್ತಿ ಚಿಕಿತ್ಸೆ. ಮೊದಲು 227 ಪಾಲಿಕ್ಲಿನಿಕ್, 2010ರ ವಿಸ್ತರಣೆಯ ನಂತರ ಮಂಜೂರಾದದ್ದು 426. ಮಂಗಳೂರಿಗೂ ಒಂದು ಬಂತು. ಕದ್ರಿಯ ಯುದ್ಧ ಸ್ಮಾರಕದ ಹತ್ತಿರ ವರ್ಷಕ್ಕೊಮ್ಮೆ ಸೇರುವ ಹಿರಿಯರಲ್ಲಿ ಹೆಚ್ಚಿನವರಿಗೆ ಈಗ ಆ ಕಾರ್ಡೇ ಆಧಾರ. ಇದು ನಿಜವಾಗಿ ದೊಡ್ಡ ಉಪಕಾರ, ಅದನ್ನು ಮೊದಲು ಹೇಳಬೇಕು.

ಪಾಲಿಕ್ಲಿನಿಕ್‌ನಲ್ಲಿ ಯಾರ್ಯಾರು ಇರಬೇಕು ಎಂಬ ಪಟ್ಟಿ ತಯಾರಾದದ್ದೂ ಆ ಹೊತ್ತಿಗೇ. ಆಗ ಭಾರತದಲ್ಲಿ ಫಾರ್ಮ್ ಡಿ ಹುಟ್ಟಿರಲೇ ಇಲ್ಲ. ಹಾಗಾಗಿ ಪಟ್ಟಿಯಲ್ಲಿ ಮೆಡಿಕಲ್ ಆಫೀಸರ್, ದಂತವೈದ್ಯರು, ನರ್ಸಿಂಗ್ ಅಸಿಸ್ಟೆಂಟ್, ಲ್ಯಾಬ್ ಟೆಕ್ನೀಷಿಯನ್ ಜೊತೆಗೆ ಫಾರ್ಮಾಸಿಸ್ಟ್. ಅರ್ಹತೆ ಬಿ.ಫಾರ್ಮ, ಇಲ್ಲವೇ ಪಿಯುಸಿ ವಿಜ್ಞಾನದ ಮೇಲೆ ಡಿ.ಫಾರ್ಮ. ನೋಂದಣಿ ಬೇಕು, ಮೂರು ವರ್ಷ ಅನುಭವ ಬೇಕು. ನೇಮಕ ಗುತ್ತಿಗೆಯ ಮೇಲೆ, ಮಾಜಿ ಸೈನಿಕರಿಗೆ ಆದ್ಯತೆ. ಈ ಆದ್ಯತೆಗೆ ಅರ್ಥ ಇದೆ. ಸೇನೆಯಲ್ಲಿ 'ಸಿಪಾಯಿ ಫಾರ್ಮಾ' ಎಂಬ ಹುದ್ದೆಯೇ ಉಂಟು. ಅಲ್ಲಿ ದುಡಿದು ಬಂದವರಿಗೆ ಸ್ಟೋರ್ ಲೆಕ್ಕವೂ ಗೊತ್ತು, ಸೈನಿಕರ ಭಾಷೆಯೂ ಗೊತ್ತು. ಕಿಟಕಿಯ ಆಚೆ ನಿಂತ ಸುಬೇದಾರ್ ಸಾಹೇಬರನ್ನು ಹೇಗೆ ಮಾತಾಡಿಸಬೇಕು ಎಂದು ಅವರಿಗೆ ಕಲಿಸಬೇಕಾಗಿಲ್ಲ.

ಆದರೆ ಆ ಕಿಟಕಿಯ ಕೆಲಸ ಏನು ಅಂತ ನೋಡಿ. ಬೇಡಿಕೆ ಪಟ್ಟಿ ಮಾಡುವುದು, ಬಂದ ಔಷಧ ಎಣಿಸುವುದು, ಎಕ್ಸ್‌ಪೈರಿ ನೋಡುವುದು, ಚೀಟಿ ಪ್ರಕಾರ ಕೊಡುವುದು, ಇಲ್ಲದ್ದಕ್ಕೆ 'ಎನ್‌ಎ' ಎಂದು ಬರೆಯುವುದು. ಎನ್‌ಎ ಆದ ಮೇಲೆ ಸ್ಥಳೀಯ ಖರೀದಿ, ಇಲ್ಲವೇ ಹೊರಗೆ ಕೊಂಡು ಬಿಲ್ ಕೊಡುವ ಓಡಾಟ. ಬೆಳ್ತಂಗಡಿಯಿಂದ ಬೆಳಿಗ್ಗೆಯ ಬಸ್ಸಿನಲ್ಲಿ ಬಂದವರಿಗೆ ಮಧ್ಯಾಹ್ನದ ಬಸ್ಸಿನ ಚಿಂತೆ. ಹಿಂದೆ ಉದ್ದ ಸಾಲು. ಅಂಥ ಹೊತ್ತಲ್ಲಿ ಫಾರ್ಮಾಸಿಸ್ಟ್ ಒಬ್ಬೊಬ್ಬರ ಜೊತೆ ಕಾಲು ಗಂಟೆ ಕೂತು ಮಾತಾಡಲು ಆಗುತ್ತದಾ? ಆಗುವುದಿಲ್ಲ. ಎನ್‌ಎ ಬಗ್ಗೆ ದೂರು ಕೇಳಿ ಕೇಳಿ ಸಾಕಾಗಿದೆ, ಆದರೆ ನನ್ನ ಪ್ರಕಾರ ಸಿಕ್ಕದ ಮಾತ್ರೆಗಿಂತ ಎರಡೆರಡು ಸಲ ಸಿಕ್ಕ ಮಾತ್ರೆಯೇ ದೊಡ್ಡ ಸಮಸ್ಯೆ.

ಎಪ್ಪತ್ತು ದಾಟಿದ ಒಬ್ಬ ಮಾಜಿ ಹವಾಲ್ದಾರ್ ಅಂತ ಇಟ್ಟುಕೊಳ್ಳಿ. ಪಾಲಿಕ್ಲಿನಿಕ್‌ನಿಂದ ಬಿಪಿಗೆ ಟೆಲ್ಮಿಸಾರ್ಟಾನ್, ಸಕ್ಕರೆಗೆ ಮೆಟ್‌ಫಾರ್ಮಿನ್. ರೆಫರಲ್ ಮೇಲೆ ಹೋದ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಇನ್ನೊಂದು ಕಂಪನಿ ಹೆಸರಿನಲ್ಲಿ ಅದೇ ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಹೋಗುವ ಮಾತ್ರೆ. ಪೆರೇಡು, ಬೆಟ್ಟ, ಭಾರದಲ್ಲಿ ಸವೆದ ಮಂಡಿಗೆ ಮನೆ ಪಕ್ಕದ ಮೆಡಿಕಲ್‌ನಿಂದ ನೋವಿನ ಮಾತ್ರೆ. ಪಾಲಿಕ್ಲಿನಿಕ್‌ನ ದಾಖಲೆಯಲ್ಲಿ ಆ ನೋವಿನ ಮಾತ್ರೆ ಎಲ್ಲೂ ಇಲ್ಲ. ಬಿಪಿಯ ಈ ಮಾತ್ರೆ, ಮೂತ್ರದ ಮಾತ್ರೆ, ನೋವಿನ ಮಾತ್ರೆ ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಕಿಡ್ನಿಯ ಶಕ್ತಿ ಕುಂದಿದರೆ ಮೆಟ್‌ಫಾರ್ಮಿನ್ ಪ್ರಮಾಣ ಇಳಿಸಬೇಕು, ತುಂಬಾ ಕುಂದಿದರೆ ನಿಲ್ಲಿಸಬೇಕು. ಇದರಲ್ಲಿ ಯಾವ ಡಾಕ್ಟರೂ ತಪ್ಪು ಬರೆದಿಲ್ಲ. ಮೂರು ಕಡೆಯ ಚೀಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡಿದವರು ಯಾರೂ ಇರಲಿಲ್ಲ. ಕ್ಲಿನಿಕಲ್ ಫಾರ್ಮಾಸಿಸ್ಟ್‌ನ ಮೊದಲ ಕರ್ತವ್ಯವೇ ಹೀಗೆ ಹರಡಿ ನೋಡುವುದು. ಕಂಡದ್ದನ್ನು ಡಾಕ್ಟರಿಗೆ ಹೇಳುವುದು, ಕ್ರಿಯಾಟಿನಿನ್ (ಕಿಡ್ನಿಯ ಶಕ್ತಿ ತಿಳಿಸುವ ರಕ್ತ ಪರೀಕ್ಷೆ) ವರದಿ ನೋಡಿ ಪ್ರಮಾಣ ಸೂಚಿಸುವುದು, ಮುಂದಿನ ತಿಂಗಳು ಮತ್ತೆ ವಿಚಾರಿಸುವುದು ಆಮೇಲಿನ ಕೆಲಸ.

ಸೈನಿಕರಿಗೇ ವಿಶೇಷವಾದ ಕೆಲವು ಸಂಗತಿಗಳೂ ಇವೆ. ಫಿರಂಗಿ ಸದ್ದಿಗೆ ಕಿವಿ ಮಂದವಾದವರಿಗೆ ಕಿವಿಗೆ ತೊಂದರೆ ಕೊಡುವ ಕೆಲವು ಆಂಟಿಬಯಾಟಿಕ್ ಕೊಡುವಾಗ ಎರಡು ಸಲ ಯೋಚಿಸಬೇಕು. ಅಂಥವರಿಗೆ ಕಿಟಕಿಯಿಂದ ಕೂಗಿ ಹೇಳಿದ 'ಬೆಳಿಗ್ಗೆ ಒಂದು, ರಾತ್ರಿ ಅರ್ಧ' ಸರಿಯಾಗಿ ಕೇಳಿಸಿರುವುದೂ ಅನುಮಾನ. ಕ್ಯಾಂಟೀನಿನ ರಮ್ ಬಗ್ಗೆ ಮುಜುಗರ ಇಲ್ಲದೆ ಕೇಳಬೇಕು, ಏಕೆಂದರೆ ನಿದ್ದೆ ಮಾತ್ರೆ ಮತ್ತು ರಮ್ ಒಟ್ಟಿಗೆ ಹೋಗುವುದಿಲ್ಲ. ಹಳೆಯ ಘಟನೆಗಳು ಕನಸಿನಲ್ಲಿ ಕಾಡುವವರು ಅದನ್ನು ರೋಗ ಎಂದು ಹೇಳಿಕೊಳ್ಳುವುದೇ ಇಲ್ಲ, 'ಸುಮ್ನೆ ನಿದ್ದೆ ಬರ್ತಿಲ್ಲ' ಎನ್ನುತ್ತಾರೆ. ಕರಾವಳಿಯದ್ದೇ ಆದ ಪ್ರಶ್ನೆಗಳೂ ಇವೆ: ಗಂಜಿಯ ಜೊತೆ ಉಪ್ಪಿನಕಾಯಿ ಎಷ್ಟು, ಒಣಮೀನು ಎಷ್ಟು, ಮನೆಯಲ್ಲಿ ಯಾವ ಕಷಾಯ ಕುಡಿಯುತ್ತೀರಿ? ಬಿಪಿ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಇನ್ನೊಂದು ಸೇರಿಸುವ ಮೊದಲು ಇದನ್ನೆಲ್ಲ ಕೇಳಬೇಕಲ್ವಾ?

ಆಸ್ಟ್ರೇಲಿಯಾದವರು 2004ರಲ್ಲಿ ಇದಕ್ಕೆ ಇನ್ನೊಂದು ದಾರಿ ಹುಡುಕಿದ್ದರು. 'ವೆಟರನ್ಸ್ ಮೇಟ್ಸ್' ಎಂಬ ಕಾರ್ಯಕ್ರಮದಲ್ಲಿ ಮಾಜಿ ಸೈನಿಕರ ಔಷಧ ಬಿಲ್ಲುಗಳನ್ನೇ ಪರಿಶೀಲಿಸಿ, ಅಪಾಯದ ಜೋಡಿಗಳು ಕಂಡರೆ ಅವರ ಡಾಕ್ಟರಿಗೆ ಪತ್ರ ಬರೆಯುತ್ತಿದ್ದರು. ಖಾಸಗಿ ಮಾಹಿತಿಯ ಬಳಕೆಯ ಬಗ್ಗೆ ತಕರಾರು ಬಂದು ಅದು ಮುಂದೆ ನಿಂತಿತು. ನಮ್ಮಲ್ಲೂ ಕಾರ್ಡ್ ಸ್ಮಾರ್ಟ್ ಆಗಿದೆ, ಬಿಲ್ಲುಗಳು ಆನ್‌ಲೈನ್ ಆಗಿವೆ. ಅವುಗಳ ತಪಾಸಣೆ ಮಾತ್ರ ಹೆಚ್ಚಾಗಿ ಹಣದ ಲೆಕ್ಕಕ್ಕೇ ನಿಲ್ಲುತ್ತದೆ.

ಸಿಬ್ಬಂದಿ ಪಟ್ಟಿ ಬದಲಾಗಬೇಕಾದರೆ ಅದು ದೆಹಲಿಯಲ್ಲಿ ಆಗಬೇಕು, ಹಣಕಾಸಿನ ಒಪ್ಪಿಗೆ ಬೇಕು. ಮಂಗಳೂರಿನಲ್ಲಿ ಕೂತು ಮಾಡುವಂಥದ್ದಲ್ಲ. ಅಲ್ಲಿವರೆಗೆ ಇರುವ ದಾರಿ ಒಂದೇ. ರೆಫರಲ್ ಮೇಲೆ ಹೋಗುವ ಆಸ್ಪತ್ರೆ ಮೆಡಿಕಲ್ ಕಾಲೇಜಿನದ್ದಾದರೆ ಅಲ್ಲಿ ಸಾಮಾನ್ಯವಾಗಿ ಫಾರ್ಮಸಿ ಪ್ರಾಕ್ಟಿಸ್ ವಿಭಾಗದವರು, ಫಾರ್ಮ್ ಡಿ ಇಂಟರ್ನ್‌ಗಳು ವಾರ್ಡಿಗೆ ಬರುತ್ತಾರೆ. ಬಿಳಿ ಕೋಟು ಹಾಕಿದ ಆ ಮಕ್ಕಳನ್ನು ಡಾಕ್ಟರೆಂದು ತಿಳಿದು ಸುಮ್ಮನಿರಬೇಡಿ. ಪಾಲಿಕ್ಲಿನಿಕ್‌ನದ್ದು, ಹೊರಗಿನದ್ದು, ಆಯುರ್ವೇದದ್ದು ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದೇ ಚೀಲದಲ್ಲಿ ಹಾಕಿ ಅವರ ಮುಂದಿಡಿ. ಬಿಡುಗಡೆಯ ದಿನ ಹಳೆಯದರಲ್ಲಿ ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು ಎಂದು ಡಾಕ್ಟರ ಸಹಿ ಇರುವ ಒಂದೇ ಪಟ್ಟಿ ಬರೆಸಿಕೊಂಡು, ಅದನ್ನೇ ಪಾಲಿಕ್ಲಿನಿಕ್ ಮೆಡಿಕಲ್ ಆಫೀಸರಿಗೆ ತೋರಿಸಿ.