ದಿನಾ ಮಳೆಯೇ ಆದರೆ ನಕ್ಷೆಯಲ್ಲಿ ಏನು ಬರೆಯೋದು?

ಸರ್ಕಾರಿ ಶಾಲೆಯ ಸಣ್ಣ ಮಕ್ಕಳು ಕಾರ್ಡು ಹಿಡಿದು ಗುಂಪಿನಲ್ಲಿ ಕಲಿಯುವ ನಲಿ-ಕಲಿ ಕೋಣೆಯ ಗೋಡೆಯಲ್ಲಿ ಒಂದು ಹವಾಮಾನ ನಕ್ಷೆ ಇರುತ್ತದೆ. ಬಿಸಿಲಾ, ಮೋಡವಾ, ಗಾಳಿಯಾ, ಮಳೆಯಾ ಅಂತ ಬೆಳಗ್ಗೆ ಒಂದು ಮಗು ಎದ್ದು ಹೋಗಿ ಗುರುತು ಹಾಕಬೇಕು. ಬಯಲುಸೀಮೆಗೆ ಇದು ಚೆನ್ನಾಗಿದೆ. ಮಳೆಯ ಗುರುತು ಕೊಡೆ; ನಮ್ಮ ಕೊಡಗಿನಲ್ಲಿ ಜುಲೈ ಪೂರ್ತಿ ಕೊಡೆ, ಕೊಡೆ, ಕೊಡೆ. ಆಗಸ್ಟ್ ಮೊದಲ ಸೋಮವಾರ ಎರಡನೇ ತರಗತಿಯ ಹುಡುಗನೊಬ್ಬ ನಕ್ಷೆ ಹತ್ತಿರ ಹೋದವನು ಸುಮ್ನೆ ವಾಪಸ್ ಬಂದ. "ಶನಿವಾರದ್ದೇ ಇರ್ಲಿ ಬಿಡಿ ಮಿಸ್" ಎಂದ.

ಸರಿಯಾಗಿಯೇ ಹೇಳಿದ. ಮಳೆ ಇದೆ ಅನ್ನೋದು ಇಲ್ಲಿ ಸುದ್ದಿಯೇ ಅಲ್ಲ. ಎಷ್ಟು ಮಳೆ ಅನ್ನೋದು ಸುದ್ದಿ. ಆ ವಾರ ಪೂರ್ತಿ ಅದನ್ನೇ ಹಿಡಿದುಕೊಂಡೆ.

ಪೋಷಕರು ನಮ್ಮ ಕೋಣೆಗೆ ಬಂದರೆ ಮೊದಲು ಕೇಳೋದು, ಬೆಂಚ್ ಯಾಕಿಲ್ಲ ಅಂತ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಐದು ತಟ್ಟೆಗಳಾಗಿ, ಅಂದರೆ ಐದು ಗುಂಪುಗಳಾಗಿ, ಸುತ್ತ ಕೂರುತ್ತಾರೆ. ಒಂದು ತಟ್ಟೆಗೆ ನಾನು ಬೇಕೇಬೇಕು, ಇನ್ನೊಂದಕ್ಕೆ ಆಗಾಗ ಸಾಕು. ಎರಡು ತಟ್ಟೆಯವರಿಗೆ ಜೊತೆಯ ಮಕ್ಕಳೇ ನೆರವು. ಕೊನೆಯದು ಸ್ವಂತ ಕಲಿಕೆ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ಪದ್ಧತಿ ಇದು. ಒಬ್ಬ ಮಗು ಮೂರು ದಿನ ಶಾಲೆ ತಪ್ಪಿಸಿದರೂ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಮಳೆಗೆ ರಜೆ, ಕಾಫಿ ಕುಯ್ಲಿಗೆ ಗೈರು ಇರುವ ನಮ್ಮೂರಿಗೆ ಇದು ದೊಡ್ಡ ಅನುಕೂಲ.

ಸೋಮವಾರ ಮೊದಲು ಮಾತು. ನಿಮ್ಮನೇಲಿ ಮಳೆಗೆ ಏನಂತಾರೆ ಅಂತ ಕೇಳಿದೆ. ಕೊಡವ ಮನೆಯವರು, ಅರೆಭಾಷೆಯವರು, ಮಲಯಾಳದವರು, ತೋಟದ ಲೈನ್ ಮನೆಯ ತಮಿಳು ಮಕ್ಕಳು ಎಲ್ಲ ಹೇಳಿದರು. ಮಳೆ, ಮಳ, ಮಳೈ. ಎಲ್ಲಾ ಒಂದೇ ಅಂತ ನಗು. ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಗಳೊಬ್ಬಳು ಮೂಲೆಯಲ್ಲಿದ್ದಳು. ಮನೆಯಲ್ಲಿ ಬಂಗಾಳಿ. ತುಂಬಾ ಹೊತ್ತು ಬಿಟ್ಟು "ಬ್ರಿಷ್ಟಿ" ಎಂದಳು. ಉಳಿದವರು ಇನ್ನೂ ಜೋರಾಗಿ ನಕ್ಕರು. ನಾನು ಹಳೇ ಪೇಪರ್ ತೆಗೆದು 'ಅತಿವೃಷ್ಟಿ' ಅನ್ನೋ ತಲೆಬರಹ ತೋರಿಸಿದೆ. ಇವಳ ಮಾತು ನಮ್ಮ ಪೇಪರಲ್ಲೇ ಇದೆಯಲ್ಲ! ನಗು ನಿಂತಿತು. ಜೂನ್‌ನಲ್ಲಿ ಶಾಲೆಗೆ ಸೇರಿದ ಮೇಲೆ ಅವಳು ಎಲ್ಲರಿಗೂ ಕೇಳುವ ಹಾಗೆ ಆಡಿದ ಮೊದಲ ಮಾತು ಅದು.

ಮಧ್ಯಾಹ್ನ ಮಳೆಮಾಪಕ ಮಾಡಿದೆವು. ನೇರವಾಗಿರುವ ಪ್ಲಾಸ್ಟಿಕ್ ಬಾಟಲಿ ಬೇಕು, ನಡು ಸಣ್ಣ ಇರುವುದು ಆಗದು. ಮೇಲಿನ ಭಾಗ ಕತ್ತರಿಸಿ ಅದನ್ನೇ ತಲೆಕೆಳಗಾಗಿ ಒಳಗಿಡಬೇಕು. ಅಗಲದ ಬೇರೆ ಆಲಿಕೆ ಇಟ್ಟರೆ ಲೆಕ್ಕ ಜಾಸ್ತಿ ಬರುತ್ತದೆ. ಬಾಟಲಿಯ ತಳ ಗುಳಿಗುಳಿ ಇರೋದರಿಂದ ಸಣ್ಣ ಕಲ್ಲು ಹಾಕಿ, ಅದು ಮುಳುಗುವಷ್ಟು ನೀರು ಸುರಿದು, ಅಲ್ಲಿಗೆ ಸೊನ್ನೆ ಗೆರೆ ಎಳೆಯಬೇಕು. ಅಲ್ಲಿಂದ ಮೇಲಕ್ಕೆ ಸೆಂಟಿಮೀಟರ್. ಗೆರೆ ಎಳೆದವರು ಮೂರನೇ ತರಗತಿಯವರು, ಅಂಕಿ ಬರೆದವರು ಎರಡನೆಯವರು, ಕಲ್ಲು ಹೆಕ್ಕಿದವರು ಒಂದನೆಯವರು.

ಮಂಗಳವಾರ ನೋಡಿದರೆ ಬಾಟಲಿ ತುಂಬಿ ಚೆಲ್ಲಿದೆ. ನಾನು ಖುಷಿಯಲ್ಲಿ ಇಪ್ಪತ್ತು ಸೆಂಟಿಮೀಟರ್ ಅಂತ ಬರೆಸಲು ಹೊರಟೆ. ಒಬ್ಬ ಹುಡುಗ ಮೇಲೆ ನೋಡಿ, "ಮಿಸ್, ಇದು ನಮ್ಮ ಹೆಂಚಿನ ನೀರು" ಎಂದ. ಸೂರಿನ ಕೆಳಗೆ ಇಟ್ಟವಳು ನಾನೇ! ನೆನೆಯದೆ ಇಡೋಣ ಅಂತ ಮಾಡಿದ ಕೆಲಸ. ಧ್ವಜಕಂಬದ ಹತ್ತಿರ, ಬಯಲಿಗೆ ಸಾಗಿಸಿದೆವು. ತಪ್ಪನ್ನು ನಕ್ಷೆಯಲ್ಲಿ ಹಾಗೇ ಬಿಟ್ಟು ಪಕ್ಕದಲ್ಲಿ 'ಹೆಂಚಿನ ನೀರು' ಅಂತ ಬರೆಸಿದೆ.

ಬುಧವಾರ ಜೋರು ಮಳೆಗೆ ರಜೆ. ಆಗಸ್ಟ್ 3, ಕಕ್ಕಡ ಹದಿನೆಂಟು ಬೇರೆ; ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಅಡುಗೆ ತಿನ್ನುವ ದಿನ. ಗುರುವಾರ ಅರ್ಧ ಮಕ್ಕಳದ್ದು ಮದ್ದು ಸೊಪ್ಪಿನ ಪಾಯಸದ ಕಥೆ. ಅದನ್ನು ತಿಂದು ಉಚ್ಚೆ ಕೆಂಪಾಯಿತು ಅಂತ ಒಬ್ಬ ಹೇಳಿದ್ದೇ ತಡ, ಹತ್ತು ನಿಮಿಷ ಪಾಠ ಇಲ್ಲ.

ಬಾಟಲಿಯಲ್ಲಿ ಹದಿಮೂರು ಸೆಂಟಿಮೀಟರ್ ಇತ್ತು. ಎರಡು ದಿನದ್ದು. ನಕ್ಷೆಯಲ್ಲಿ ಎರಡು ಮನೆ, ಬರೆಯೋದು ಹೇಗೆ? ಒಬ್ಬಳು ಆರೂವರೆ, ಆರೂವರೆ ಅಂದಳು. ಲೆಕ್ಕ ಸರಿ. ಆದರೆ ಅವಳ ಪಕ್ಕದವನು ಒಪ್ಪಲಿಲ್ಲ: "ಬುಧವಾರ ಜಾಸ್ತಿ ಬಂತು, ಅದಕ್ಕೇ ಅಲ್ವಾ ರಜೆ ಕೊಟ್ಟಿದ್ದು?" ಜಗಲಿಯ ಶೀಟಿನ ಮೇಲೆ ಮಳೆ ಹೊಡೀತಾ ಇತ್ತು, ಇಬ್ಬರೂ ಕಿರುಚಿಯೇ ವಾದ ಮಾಡಿದರು. ಸಮವಾಗಿ ಹಂಚೋದು ಬೇರೆ, ನಿಜವಾಗಿ ಸುರಿದದ್ದು ಬೇರೆ. ಸರಾಸರಿ ಅನ್ನೋ ಪದ ಹೇಳಿಕೊಡಲು ನನಗೆ ಬಾಯಿ ತುರಿಸಿತು. ತಡೆದುಕೊಂಡೆ. ಎರಡು ಮನೆ ಸೇರಿಸಿ ಒಂದೇ ಹದಿಮೂರು ಬರೆದರು.

ಶುಕ್ರವಾರ ಆರು ಸೆಂಟಿಮೀಟರ್. ಅಪ್ಪ ತೋಟದಲ್ಲಿ ಮಳೆ ಅಳೆಯುವ ಹುಡುಗಿಯೊಬ್ಬಳು, ಅಲ್ಲಿ ಎರಡು ಇಂಚು ಮೂವತ್ತೈದು ಸೆಂಟ್ ಅಂದಳು. ನಮ್ಮ ಪ್ಲಾಂಟರ್‌ಗಳು ಇವತ್ತಿಗೂ ಇಂಚಲ್ಲೇ ಮಾತಾಡೋದು, ನೂರು ಸೆಂಟಿಗೆ ಒಂದು ಇಂಚು. ನಮ್ಮದು ಆರು, ಅವರದ್ದು ಬರೀ ಎರಡಾ ಅಂತ ಇವರಿಗೆ ಜಂಬ. ಸ್ಕೇಲ್ ಕೊಟ್ಟೆ. ಆರರ ಮೇಲೆ ಹೆಬ್ಬೆಟ್ಟು ಇಟ್ಟು, ಅದರ ಎದುರಿಗೆ ಇಂಚಿನ ಅಂಚಲ್ಲಿ ಏನಿದೆ ನೋಡಿ ಎಂದೆ. ಎರಡು ದಾಟಿ ಸ್ವಲ್ಪ. ಜಂಬ ಇಳಿಯಿತು.

ಶನಿವಾರ ಅರ್ಧ ದಿನ. ಅಳತೆ ಬರೆದದ್ದು ಬ್ರಿಷ್ಟಿ ಹೇಳಿದ ಹುಡುಗಿ. ಹೊರಡುವಾಗ ಹೊಸ ಚಿಂತೆ: ಸೋಮವಾರದೊಳಗೆ ಬಾಟಲಿ ತುಂಬಿ ಚೆಲ್ಲಿದರೆ? ಬಕೆಟ್ ಒಳಗೆ ಇಡೋಣ, ಚೆಲ್ಲಿದ್ದನ್ನು ಆಮೇಲೆ ಅಳೆಯೋಣ ಅಂತ ಒಬ್ಬ. ಎಲ್ಲರೂ ಹೂಂ ಅಂದರು. ಬಿಸಿಯೂಟದ ಅಕ್ಕನ ಹತ್ತಿರ ಬಕೆಟ್ ಕೂಡ ತಂದಾಯಿತು. ಅದನ್ನು ಕಂಬದ ಹತ್ತಿರ ಇಡುವಾಗ ಒಂದನೇ ತರಗತಿಯವಳೊಬ್ಬಳು ಕೊಡೆ ಕೆಳಗಿಂದ ಕೇಳಿದಳು, "ಬಕೆಟಿಗೂ ಮಳೆ ಬೀಳುತ್ತಲ್ಲ?"