ಕಂಬ ಇಳಿಸಿದರೆ ನೀರು ಎಲ್ಲಿಯವರೆಗೆ ಏರುತ್ತದೆ? – ತೊಟ್ಟಿ ಲೆಕ್ಕಗಳ ಟಿಪ್ಪಣಿ

ಎರಡು ದಿನದಿಂದ ತೊಟ್ಟಿ, ಪೆಟ್ಟಿಗೆ, ನೀರಿನ ಮಟ್ಟದ ಲೆಕ್ಕಗಳನ್ನೇ ಮಾಡುತ್ತಾ ಕೂತಿದ್ದೇನೆ. ಆಯತಘನದ ಘನಫಲ = ಉದ್ದ × ಅಗಲ × ಎತ್ತರ. ಇದು ಎಲ್ಲರಿಗೂ ಗೊತ್ತು, ಇದರ ಬಗ್ಗೆ ಬರೆಯಲು ಏನೂ ಇಲ್ಲ. ಹೇಳಿಕೆ ಲೆಕ್ಕ ಬಂದಾಗ ನಾನು ಎಡವಿದ್ದು ಬೇರೆ ಕಡೆ: ಯಾವ ತಳ, ಯಾವ ಎತ್ತರ ತೆಗೆದುಕೊಳ್ಳಬೇಕು ಅನ್ನೋದರಲ್ಲಿ. ಒಂದು ಲೆಕ್ಕವಂತೂ ಇಡೀ ಸಂಜೆ ತಿಂದಿತು. ಅರ್ಥವಾದದ್ದು ಮರೆತುಹೋಗುವ ಮೊದಲೇ ಬರೆದಿಡುತ್ತಿದ್ದೇನೆ.

ಮೊದಲು ಲೀಟರ್

ಶುರುವಿನಲ್ಲಿ ನಾನು ಮಾಡಿದ ತಪ್ಪು ಇದು. 2 ಮೀ. ಉದ್ದ, 1.5 ಮೀ. ಅಗಲ, 1 ಮೀ. ಆಳದ ತೊಟ್ಟಿ. ಘನಫಲ 3 ಘನ ಮೀಟರ್. ಒಂದು ಮೀಟರಿಗೆ 100 ಸೆಂ.ಮೀ. ಅಲ್ವಾ, ಹಾಗಾಗಿ 300 ಘನ ಸೆಂ.ಮೀ. ಎಂದು ಬರೆದೆ. ಒಬ್ಬರು ಆರಾಮವಾಗಿ ಇಳಿದು ಕೂರಬಹುದಾದ ತೊಟ್ಟಿಯಲ್ಲಿ ಅರ್ಧ ಲೀಟರ್ ನೀರೂ ಹಿಡಿಯುವುದಿಲ್ಲ ಎಂದಂತಾಯಿತು! 100ರಿಂದ ಗುಣಿಸುವುದು ಉದ್ದಕ್ಕೆ ಮಾತ್ರ. ಒಂದು ಮೀಟರ್ ಬದಿಯ ಘನದ ಒಳಗೆ 1 ಸೆಂ.ಮೀ. ಬದಿಯ ಪುಟ್ಟ ಘನಗಳನ್ನು ಜೋಡಿಸಿ ನೋಡಿ. ಒಂದು ಸಾಲಿಗೆ 100. ತಳದಲ್ಲಿ ಅಂಥ 100 ಸಾಲು, ಅಂದರೆ 10,000. ಒಂದರ ಮೇಲೊಂದು 100 ಪದರ, ಒಟ್ಟು 10 ಲಕ್ಷ. 1000 ಘನ ಸೆಂ.ಮೀ.ಗೆ ಒಂದು ಲೀಟರ್, ಹಾಗಾಗಿ 1 ಘನ ಮೀಟರ್ ಅಂದರೆ 1000 ಲೀಟರ್. ಆ ತೊಟ್ಟಿ ಹಿಡಿಯುವುದು 3000 ಲೀಟರ್.

ಈಗ ನನಗೆ ತುಂಬಾ ಇಷ್ಟವಾದ ದಾರಿ. ಎಲ್ಲ ಅಳತೆಗಳನ್ನೂ ಡೆಸಿಮೀಟರಿಗೆ ತಂದುಬಿಡಿ. ಒಂದು ಡೆಸಿಮೀಟರ್ ಅಂದರೆ 10 ಸೆಂ.ಮೀ. ಅಷ್ಟು ಬದಿಯ ಘನ 10 × 10 × 10 = 1000 ಘನ ಸೆಂ.ಮೀ., ಅಂದರೆ ಸರಿಯಾಗಿ ಒಂದು ಲೀಟರ್. ಆಮೇಲೆ ಗುಣಿಸಿದರೆ ಉತ್ತರ ನೇರವಾಗಿ ಲೀಟರಿನಲ್ಲೇ ಬರುತ್ತದೆ. 120 ಸೆಂ.ಮೀ., 80 ಸೆಂ.ಮೀ., 60 ಸೆಂ.ಮೀ. ತೊಟ್ಟಿಯೇ? 12 × 8 × 6 = 576 ಲೀಟರ್, ಮುಗಿಯಿತು. ಸೊನ್ನೆ ಎಣಿಸುವ ಕೆಲಸವೇ ಇಲ್ಲ. ಮೀಟರಿನಲ್ಲಿ ಕೊಟ್ಟಿದ್ದರೆ 10ರಿಂದ ಗುಣಿಸಿ: 20 × 15 × 10 = 3000 ಲೀಟರ್. ಒಂದು ಅಳತೆ ಮೀಟರಿನಲ್ಲಿ, ಇನ್ನೊಂದು ಸೆಂ.ಮೀ.ನಲ್ಲಿ ಕೊಟ್ಟು ಕಾಡುವ ಲೆಕ್ಕಗಳಲ್ಲಿ ಇದು ತುಂಬಾ ಸಹಾಯ ಮಾಡುತ್ತದೆ.

ಇದನ್ನು ಕಣ್ಣಾರೆ ನೋಡಬೇಕು ಅನ್ನಿಸಿ ದಪ್ಪ ರಟ್ಟಿನಲ್ಲಿ 10 ಸೆಂ.ಮೀ. ಬದಿಯ ಐದು ಚೌಕ ಕತ್ತರಿಸಿ, ಟೇಪು ಹಚ್ಚಿ, ಒಳಗೆ ಪ್ಲಾಸ್ಟಿಕ್ ಚೀಲ ಹಾಸಿ ಡಬ್ಬಿ ಮಾಡಿದೆ. ಒಂದು ಲೀಟರ್ ಬಾಟಲಿ ನೀರು ಸುರಿದೆ. ಪಕ್ಕಗಳು ಸ್ವಲ್ಪ ಉಬ್ಬಿದವು, ನೀರು ಅಂಚಿಗಿಂತ ಚೂರು ಕೆಳಗೆ ನಿಂತಿತು. ಉಬ್ಬಿದ ಜಾಗಕ್ಕೂ ನೀರು ಹೋಗಿತ್ತಲ್ಲ, ಅದಕ್ಕೆ. ಅಂಗೈ ಮೇಲೆ ಕೂರುವ ಡಬ್ಬಿಯಲ್ಲಿ ಇಡೀ ಬಾಟಲಿ ಖಾಲಿಯಾದದ್ದು ನೋಡಿದ ಮೇಲೆ ಲೀಟರ್ ಅಂದರೆ ಎಷ್ಟು ಜಾಗ ಅನ್ನೋದು ಮನಸ್ಸಿನಲ್ಲಿ ಕೂತಿತು.

ಈ ದಾರಿಯಲ್ಲಿ ಅಂದಾಜು ಏನೂ ಇಲ್ಲ, ಪೂರ್ತಿ ನಿಖರ. 1901ರಲ್ಲಿ ಒಂದು ಕಿಲೋಗ್ರಾಂ ಶುದ್ಧ ನೀರು ಹಿಡಿಯುವ ಜಾಗವನ್ನೇ ಲೀಟರ್ ಎಂದು ಕರೆದಿದ್ದರು. ಅದು ಸುಮಾರು 1000.028 ಘನ ಸೆಂ.ಮೀ. ಆಗುತ್ತಿತ್ತು. 1964ರಲ್ಲಿ ಅದನ್ನು ಬಿಟ್ಟು, ಒಂದು ಘನ ಡೆಸಿಮೀಟರಿಗೇ ಲೀಟರ್ ಅನ್ನೋ ಹೆಸರು ಕೊಟ್ಟರು.

ನೀರಿನ ಮಟ್ಟ

ಘನಫಲವನ್ನು ತಳದ ವಿಸ್ತೀರ್ಣದಿಂದ ಭಾಗಿಸಿದರೆ ಎತ್ತರ ಸಿಗುತ್ತದೆ. ತಳ 50 ಸೆಂ.ಮೀ. × 40 ಸೆಂ.ಮೀ. ಇರುವ ತೊಟ್ಟಿಗೆ 10 ಲೀಟರ್ ಸುರಿದರೆ ಮಟ್ಟ 10,000 ÷ 2000 = 5 ಸೆಂ.ಮೀ. ಏರುತ್ತದೆ. ಅದೇ ತೊಟ್ಟಿಯಲ್ಲಿ ಕಲ್ಲು ಪೂರ್ತಿ ಮುಳುಗಿ ಮಟ್ಟ 1.5 ಸೆಂ.ಮೀ. ಏರಿದರೆ ಕಲ್ಲಿನ ಘನಫಲ 2000 × 1.5 = 3000 ಘನ ಸೆಂ.ಮೀ. ಇಷ್ಟು ಸಲೀಸು. ಆದರೆ 'ಪೂರ್ತಿ ಮುಳುಗಿ' ಅನ್ನೋ ಎರಡು ಪದ ನಾನು ಓದದೇ ದಾಟಿಬಿಡುತ್ತಿದ್ದೆ.

ಸಂಜೆ ತಿಂದ ಲೆಕ್ಕ

ತೊಟ್ಟಿಯ ತಳ 40 ಸೆಂ.ಮೀ. × 30 ಸೆಂ.ಮೀ. ಒಳಗೆ 10 ಸೆಂ.ಮೀ. ಎತ್ತರಕ್ಕೆ ನೀರಿದೆ. 20 ಸೆಂ.ಮೀ. × 20 ಸೆಂ.ಮೀ. ತಳದ, 50 ಸೆಂ.ಮೀ. ಎತ್ತರದ ಕಬ್ಬಿಣದ ಕಂಬವನ್ನು ನೆಟ್ಟಗೆ, ತಳಕ್ಕೆ ತಾಗುವಂತೆ ಇಳಿಸಿದರು. ನೀರು ಈಗ ಎಷ್ಟು ಎತ್ತರದಲ್ಲಿದೆ? ತೊಟ್ಟಿ ಸಾಕಷ್ಟು ಎತ್ತರ ಇದೆ, ನೀರು ಹೊರಗೆ ಚೆಲ್ಲುವುದಿಲ್ಲ.

ನನ್ನ ಮೊದಲ ಉತ್ತರ: ಕಂಬದ ಘನಫಲ 400 × 50 = 20,000. ತಳ 1200. ಭಾಗಿಸಿದರೆ 16.67. ಹಾಗಾಗಿ ನೀರು 26.67 ಸೆಂ.ಮೀ. ಇದು ತಪ್ಪು. ಕಂಬದ ಮೇಲಿನ ಭಾಗ ಗಾಳಿಯಲ್ಲಿದೆ. ಗಾಳಿಯಲ್ಲಿರುವ ಕಬ್ಬಿಣ ನೀರನ್ನು ಹೇಗೆ ತಳ್ಳುತ್ತದೆ?

ಎರಡನೆಯ ಉತ್ತರ: ಸರಿ, ನೀರು 10 ಸೆಂ.ಮೀ. ಇದೆ, ಮುಳುಗಿದ್ದು 10 ಸೆಂ.ಮೀ. ಕಂಬ ಮಾತ್ರ. 400 × 10 = 4000, ಭಾಗಿಸು 1200, ಏರಿಕೆ 3.33. ಉತ್ತರ 13.33. ಇದು ಸರಿ ಅನ್ನಿಸಿತ್ತು, ಆದರೆ ಇದೂ ತಪ್ಪೇ. ನೀರು 13.33ಕ್ಕೆ ಏರಿದ ಕೂಡಲೇ ಮುಳುಗಿದ ಕಂಬವೂ 13.33 ಆಯಿತಲ್ಲ! ಹಾಗಾದರೆ ಏರಿಕೆ 400 × 13.33 ÷ 1200 = 4.44, ಮಟ್ಟ 14.44. ಆಗ ಕಂಬ ಇನ್ನೂ ಸ್ವಲ್ಪ ಮುಳುಗಿತು: ಮಟ್ಟ 14.81. ಮತ್ತೆ ಮಾಡಿದರೆ 14.94. ನೀರು ಏರಿದಷ್ಟೂ ಕಂಬ ಮುಳುಗುತ್ತದೆ, ಕಂಬ ಮುಳುಗಿದಷ್ಟೂ ನೀರು ಏರುತ್ತದೆ. ಒಂದು ಪುಟ ಹೀಗೇ ತುಂಬಿಸಿದೆ. ಉತ್ತರ 15ರ ಹತ್ತಿರ ಹತ್ತಿರ ಹೋಗುತ್ತಿದೆ, ಆದರೆ ಮುಟ್ಟುತ್ತಿಲ್ಲ.

ಬಾಗಿಲು ತೆರೆದದ್ದು ಚಿತ್ರ ಬರೆದಾಗ. ತೊಟ್ಟಿಯನ್ನು ಮೇಲಿನಿಂದ ನೋಡಿದಂತೆ ಬರೆದೆ. 40 × 30ರ ಆಯತ, ಅದರೊಳಗೆ 20 × 20ರ ಚೌಕ. ಚೌಕಕ್ಕೆ ಪೆನ್ಸಿಲಿನಲ್ಲಿ ಗೀಟು ಎಳೆದು ಕಪ್ಪು ಮಾಡಿದೆ. ಈಗ ನೀರಿಗೆ ನಿಲ್ಲಲು ಇರುವ ಜಾಗ ಬಿಳಿ ಭಾಗ ಮಾತ್ರ: 1200 − 400 = 800 ಚದರ ಸೆಂ.ಮೀ. ನೀರು ಎಷ್ಟಿದೆ? ಮೊದಲು ಇದ್ದಷ್ಟೇ, 1200 × 10 = 12,000 ಘನ ಸೆಂ.ಮೀ. ಒಂದು ಹನಿಯೂ ಹೊರಗೆ ಹೋಗಿಲ್ಲ. ಹಾಗಾಗಿ ಎತ್ತರ 12,000 ÷ 800 = 15 ಸೆಂ.ಮೀ. ಅಷ್ಟೇ!

ಅಂದರೆ ಬದಲಾದದ್ದು ನೀರಲ್ಲ, ತಳ. ನಾನು ಕಂಬದ ಘನಫಲದ ಹಿಂದೆ ಓಡುತ್ತಿದ್ದೆ. ಅದು ಬೇಕಾಗಿಯೇ ಇರಲಿಲ್ಲ. ತಾಳೆ ನೋಡೋಣ: ಮುಳುಗಿದ ಕಂಬ 400 × 15 = 6000. ಏರಿದ ನೀರು 5 ಸೆಂ.ಮೀ., 1200 × 5 = 6000. ಎರಡೂ ಒಂದೇ.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಕಂಬ 50 ಸೆಂ.ಮೀ. ಬದಲು ಬರೀ 12 ಸೆಂ.ಮೀ. ಎತ್ತರ ಇದ್ದರೆ? ಮೇಲಿನ ದಾರಿಯಲ್ಲೇ ಹೋದರೆ 15 ಬರುತ್ತದೆ. ಆದರೆ 15 ಅನ್ನೋದು 12ಕ್ಕಿಂತ ಜಾಸ್ತಿ, ಅಂದರೆ ಕಂಬ ಪೂರ್ತಿ ಮುಳುಗಿದೆ. ಕಂಬದ ತಲೆಯ ಮೇಲೆ ನೀರಿಗೆ ಮತ್ತೆ ಇಡೀ 1200 ಸಿಗುತ್ತದೆ. ಆಗ ನೀರು ಮತ್ತು ಕಂಬ ಎರಡನ್ನೂ ಕೂಡಿಸಬೇಕು: 12,000 + 400 × 12 = 16,800. ಇದನ್ನು 1200ರಿಂದ ಭಾಗಿಸಿದರೆ 14 ಸೆಂ.ಮೀ. ಹಾಗಾಗಿ ನಾನು ಮೊದಲು ಕಂಬದ ತಲೆ ಹೊರಗಿದೆ ಅಂದುಕೊಂಡು ಲೆಕ್ಕ ಮಾಡುತ್ತೇನೆ. ಬಂದ ಉತ್ತರ ಕಂಬಕ್ಕಿಂತ ಎತ್ತರವಾದರೆ ಎರಡನೆಯ ದಾರಿ ಹಿಡಿಯುತ್ತೇನೆ. (ತೇಲುವ ಮರದ ತುಂಡು ಕೊಟ್ಟಿದ್ದರೆ ಈ ಯಾವುದೂ ನಡೆಯುವುದಿಲ್ಲ. ಅದು ತಳದಲ್ಲಿ ನಿಲ್ಲುವುದೇ ಇಲ್ಲವಲ್ಲ.)

ಹಲಗೆಯ ದಪ್ಪ

ಒಂದು ಮರದ ಪೆಟ್ಟಿಗೆ. ಹೊರಗಿನ ಉದ್ದ, ಅಗಲ, ಎತ್ತರ 34, 24, 17 ಸೆಂ.ಮೀ., ಹಲಗೆಯ ದಪ್ಪ 2 ಸೆಂ.ಮೀ., ಮುಚ್ಚಳ ಇಲ್ಲ. ಒಳಗೆ ಎಷ್ಟು ಹಿಡಿಯುತ್ತದೆ? ಉದ್ದ ಮತ್ತು ಅಗಲದಲ್ಲಿ ಎರಡೆರಡು ಹಲಗೆ ಕಳೆಯಬೇಕು, ಎತ್ತರದಲ್ಲಿ ಒಂದೇ. ಒಳಗೆ 30 × 20 × 15 = 9000 ಘನ ಸೆಂ.ಮೀ., ಅಂದರೆ 9 ಲೀಟರ್. ಮುಚ್ಚಳ ಇದ್ದರೆ ಎತ್ತರದಲ್ಲೂ ಎರಡು ಕಳೆದು 13 ಆಗುತ್ತದೆ, 7.8 ಲೀಟರ್. ಹಾಳೆಯ ನಾಲ್ಕು ಮೂಲೆಯಲ್ಲಿ ಒಂದೇ ಅಳತೆಯ ಚೌಕ ಕತ್ತರಿಸಿ, ಮಡಚಿ ಡಬ್ಬಿ ಮಾಡುವ ಲೆಕ್ಕದಲ್ಲೂ ಉದ್ದ ಮತ್ತು ಅಗಲದಿಂದ ಎರಡು ಸಲ ಕಳೆಯುವುದು ಹೀಗೇ.

ಕೊನೆಗೆ, ಅದೇ ಕಂಬದ ಇನ್ನೊಂದು ಲೆಕ್ಕ. ತಳ ಅದೇ 40 × 30, ತೊಟ್ಟಿಯ ಎತ್ತರ 25 ಸೆಂ.ಮೀ., ನೀರು ಅಂಚಿನವರೆಗೆ ತುಂಬಿದೆ. 50 ಸೆಂ.ಮೀ. ಕಂಬವನ್ನು ತಳ ಮುಟ್ಟುವ ತನಕ ಇಳಿಸಿ, ಮತ್ತೆ ಹೊರಗೆ ತೆಗೆದರು. ಎಷ್ಟು ಎತ್ತರ ನೀರು ಉಳಿಯಿತು? ಕಂಬ ನಿಂತಾಗ ತೊಟ್ಟಿಯೊಳಗೆ ಇದ್ದದ್ದು ಅದರ 25 ಸೆಂ.ಮೀ. ಮಾತ್ರ. ಚೆಲ್ಲಿದ್ದು 400 × 25 = 10,000, ಅಂದರೆ 10 ಲೀಟರ್. ತುಂಬಿದ್ದಾಗ 30 ಲೀಟರ್ ಇತ್ತು, ಉಳಿದದ್ದು 20. ಕಂಬ ತೆಗೆದ ಮೇಲೆ ತಳ ಮತ್ತೆ ಪೂರ್ತಿ 1200. ಹಾಗಾಗಿ 20,000 ÷ 1200 = 16.67 ಸೆಂ.ಮೀ. ಇದನ್ನು ಈ ಸಲ ಎರಡು ನಿಮಿಷದಲ್ಲಿ ಮುಗಿಸಿದೆ, ಆ ಕಪ್ಪು ಚೌಕದ ಚಿತ್ರವನ್ನು ಮೊದಲೇ ಬರೆದುಕೊಂಡು.